ಫಕೀರವ್ವನ ಕುರ್ಪಿ

ನಮ್ಮೂರಿನಲ್ಲಿ ಹತ್ಯಾರಕ್ಕೆ ತುಕ್ಕು ಹಿಡಿದರೆ, ಅದನ್ನು ಕಡೆಯ ಸಲ ಹಿಡಿದು ಕೆಲಸ ಮಾಡಿದ ಕೈಗೂ ಹಿಡಿಯುತ್ತದೆ. ಇದು ಶಾಪವೋ ವರವೋ ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ವಾದ ಮಾಡಿದ್ದುಂಟು. ನಾನು ಕೇಳಿಲ್ಲ, ಕೇಳಲು ನನಗೆ ಪುರಸೊತ್ತಾದರೂ ಎಲ್ಲಿತ್ತು? ಊರಿಗೆ ಹೊಂದಿಕೊಂಡೇ ಉಪ್ಪಿನ ಕೆರೆ. ಅದರ ಮೇಲಿಂದ ಬೀಸುವ ಗಾಳಿ ತುಟಿಗೆ ಉಪ್ಪಾಗಿ ಹತ್ತುತ್ತದೆ. ಕುಡಗೋಲನ್ನು ಒಂದು ವಾರ ಮರೆತರೆ ಸಾಕು, ಮೈಯೆಲ್ಲ ಕೆಂಪಾಗುತ್ತದೆ. ಮರೆತವನ ಬೆರಳು ಬೆಳಿಗ್ಗೆ ತಂಬಿಗೆಯ ಕಂಠ ಹಿಡಿಯಲು ಒಲ್ಲೆ ಎನ್ನುತ್ತದೆ. ಹಾಗಾಗಿ ದೇವರ ದೀಪಕ್ಕೆ ಎಷ್ಟು ಎಣ್ಣೆಯೋ ಹತ್ಯಾರಕ್ಕೂ ಅಷ್ಟೇ ಎಣ್ಣೆ. ಯಾರೂ ಯಾರ ಕೊಡಲಿಯನ್ನೂ ಸುಮ್ಮನೆ ಎತ್ತುವುದಿಲ್ಲ. ಎರವಲು ಕೊಟ್ಟದ್ದು ಮರಳಿ ಬಂದಾಗ ಅದರ ಒಡೆಯ ಒಂದು ಕಡ್ಡಿಯನ್ನಾದರೂ ಕಡಿದು ನೋಡುತ್ತಾನೆ, ಆಗ ಅದು ಮತ್ತೆ ಅವನ ಕೈಯದಾಗುತ್ತದೆ. ಆದರೆ ತುಕ್ಕು ತಿಂದೋ ಬಿಗಿ ಇಳಿದೋ ಕೆಲಸಕ್ಕೆ ಬಾರದಾದ ಹತ್ಯಾರ ಕೈ ಬದಲಿಸುವುದಿಲ್ಲ, ಮತ್ತೆ ಗಟ್ಟಿಯಾಗುವ ತನಕ ಹಳೆಯ ಕೈಗೇ ಅಂಟಿಕೊಂಡಿರುತ್ತದೆ. ಸತ್ತವರ ಹತ್ಯಾರಗಳನ್ನು ಮೂರನೆಯ ದಿನ ಮನೆಯವರು ಒಂದೊಂದಾಗಿ ಹಿಡಿದು ಇಷ್ಟಿಷ್ಟು ಕೆಲಸ ಮಾಡುತ್ತಾರೆ, ಹೋದವರ ಕೈ ಹಗುರಾಗಲಿ ಎಂದು.

ಬಸೆಟ್ಟೆಪ್ಪ ಎಂಬುವವನೊಬ್ಬ ಕಲ್ಲಂಗಡಿ ತಿನ್ನಲು ಬಂದ ನರಿಗೆ ಕುಡಗೋಲು ಬೀಸಿ ಒಗೆದು ಕಳೆದುಕೊಂಡಿದ್ದ. ನಾಲ್ಕು ಬೆರಳು ಸೆಟೆದು ನಿಂತವು. ಊರೆಲ್ಲ ಎರಡು ದಿನ ಹೊಲ ಜಾಲಾಡಿತು. ಕಡೆಗೆ ಅದು ಸಿಕ್ಕಿದ್ದು ಅವನದೇ ಗುಡಿಸಲಿನ ಸೂರಿನಲ್ಲಿ. "ನರಿ ಹೊಡೀತೇನಂತ ಹೋದಾಂವ ಸ್ವಂತ ಮನೀನ ಹೊಡದಾನ ನೋಡ್ರಿ" ಎಂದು ಅವನ ಹೆಂಡತಿ ಇವತ್ತಿಗೂ ಬಂದವರ ಮುಂದೆ ಹೇಳಿ ನಗುತ್ತಾಳೆ.

ಇಂಥ ಊರಿನಲ್ಲಿ ನನ್ನದು ಉಜ್ಜುವ ಕೆಲಸ. ಅತ್ತೆ ಕಲಿಸಿದ್ದು. ತುಕ್ಕು ತಿಂದ ಉಳಿ, ಬಾಚಿ, ಕತ್ತರಿ, ಈಳಿಗೆ ಏನೇ ಬರಲಿ, ಮೊದಲು ಹುಣಸೆಹಣ್ಣಿನ ಹುಳಿನೀರಿನಲ್ಲಿ ನೆನೆ ಹಾಕುತ್ತೇನೆ. ಆಮೇಲೆ ತೆಂಗಿನ ನಾರಿಗೆ ಬೂದಿ ಹಚ್ಚಿ ಉಜ್ಜುವುದು, ಜಗ್ಗದಿದ್ದರೆ ಇಟ್ಟಂಗಿಯ ಪುಡಿ. ಕೊನೆಗೆ ಕುರಿಯ ಉಣ್ಣೆಯಲ್ಲಿ ಔಡಲೆಣ್ಣೆ ಅದ್ದಿ ಒರೆಸುವುದು. ಉಜ್ಜುವಾಗ ಆ ಹತ್ಯಾರದ ಧಣಿ ನನ್ನೆದುರು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರಬೇಕು. ನಾನು ಇಲ್ಲಿ ಉಜ್ಜಿದರೆ ಅಲ್ಲಿ ಕೈಯೊಳಗೆ ಇರುವೆ ಹರಿದಂತಾಗುತ್ತದೆ. ಅತ್ತೆ ಹೇಳಿಕೊಟ್ಟ ಮಾತು ಒಂದೇ: "ಕೆಂಪು ತೆಗಿ, ಕಪ್ಪು ಬಿಡು." ಕೆಂಪು ಎಂದರೆ ತುಕ್ಕು. ಅದರ ಕೆಳಗೆ ಹಳೆಯ ಕಬ್ಬಿಣಕ್ಕೆ ಒಂದು ಕಪ್ಪು ಪದರ ಇರುತ್ತದೆ, ಅದು ಅದರ ಚರ್ಮ. ಬೆಳ್ಳಿಯಂತೆ ಹೊಳೆಯಲಿ ಎಂಬ ಆಸೆಗೆ ಬಿದ್ದು ಅದನ್ನೂ ಕಿತ್ತರೆ, ಧಣಿಯ ಬೆರಳು ಆಡುತ್ತವೆ, ಆದರೆ ಮುಟ್ಟಿದ್ದು ತಿಳಿಯುವುದಿಲ್ಲ. ಬಿಸಿ ಗಂಗಾಳವೂ ಒಂದೇ, ಮಗುವಿನ ಕೆನ್ನೆಯೂ ಒಂದೇ.

ಆ ವರ್ಷ ನನ್ನ ಮಗಳು ಶಿವಲೀಲಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಗಂಡ ಬಾಳಪ್ಪ ಇದೇ ಊರಿನವನು, ದಿನಕ್ಕೆ ಮೂರು ಸಲ ಬಂದು ಬಾಗಿಲಲ್ಲಿ ನಿಂತು ಏನು ಕೇಳಬೇಕೋ ತಿಳಿಯದೆ ನೀರು ಕುಡಿದು ಹೋಗುತ್ತಿದ್ದ. ನಮ್ಮೂರಿನಿಂದ ಇನ್ನೊಂದು ಊರಿಗೆ ಮೂರು ದಿನದ ಹಾದಿ. ಊರಲ್ಲಿ ಹೆರಿಗೆ ಮಾಡಿಸುವವಳು ಫಕೀರವ್ವ ಒಬ್ಬಳೇ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಅಕ್ಕ ಎನ್ನುತ್ತೇನೆ. ಮೂವತ್ತು ವರ್ಷದಿಂದ ಊರಿನ ಕೂಸುಗಳೆಲ್ಲ ಆಕೆಯ ಅಂಗೈಯಲ್ಲೇ ಕಣ್ಣು ಬಿಟ್ಟಿವೆ.

ಅವಳು ಬಂದು ಶಿವಲೀಲಾಳ ಹೊಟ್ಟೆ ಮುಟ್ಟಿ ನೋಡಿದಳು. ಎಡಗೈಯಿಂದ ನೋಡಿದಳು. ನಾನು ಗಮನಿಸಿದೆ.

"ಕೂಸು ಅಡ್ಡ ಮಲಗೇತಿ ನೀಲವ್ವಾ" ಎಂದಳು ಅಂಗಳಕ್ಕೆ ಬಂದ ಮೇಲೆ.

"ಅಂದ್ರ?"

"ಅಂದ್ರ ಏನಿಲ್ಲ. ಬ್ಯಾನಿ ಸುರುವಾದಾಗ ಮ್ಯಾಲಿಂದ ಕೈ ಒತ್ತಿ ತಿರುವಬೇಕು. ಹನ್ನೆರಡು ಕೂಸು ತಿರುವೇನಿ ನಾ. ಹದಿಮೂರನೇದು ಆಗತೈತಿ."

"ಬಲಗೈ ತೋರಸು ಅಕ್ಕಾ."

ಅವಳು ಸೆರಗಿನೊಳಗೆ ಸೇರಿಸಿದ್ದ ಕೈಯನ್ನು ಹೊರಗೆ ತೆಗೆಯಲಿಲ್ಲ. ನಾನೇ ಹಿಡಿದು ಎಳೆದೆ. ಹೆಬ್ಬೆರಳೂ ತೋರುಬೆರಳೂ ಒಣಗಿದ ಅವರೆಕಾಯಿಯ ಹಾಗೆ ಮುರುಟಿ ಅಂಗೈಗೆ ಅಂಟಿಕೊಂಡಿದ್ದವು. ಇದು ನಿನ್ನೆ ಮೊನ್ನೆಯ ತುಕ್ಕಲ್ಲ ಎಂದು ನೋಡಿದೊಡನೆ ಗೊತ್ತಾಯಿತು.

"ಯಾ ಹತ್ಯಾರ ಅಕ್ಕಾ? ತಾ ಇಲ್ಲೆ, ಉಜ್ಜಿ ಕೊಡತೇನಿ."

"ಎಲ್ಲಾ ನೆಟ್ಟಗ ಅದಾವ. ಬಂದ ನೋಡು ಬೇಕಾದ್ರ."

ಹೋಗಿ ನೋಡಿದೆ. ಹೊಕ್ಕುಳು ಕೊಯ್ಯುವ ಕತ್ತಿ, ಈಳಿಗೆ, ಅಡಕತ್ತರಿ, ಒಂದು ಸಣ್ಣ ಕೊಡಲಿ. ಎಲ್ಲವೂ ಎಣ್ಣೆ ಕುಡಿದು ಮಿಣಮಿಣ ಅನ್ನುತ್ತಿದ್ದವು. ಹಾಗಾದರೆ ಯಾವುದೋ ಒಂದು ಕಣ್ಣಿಗೆ ಬೀಳದ ಕಡೆ ಬಿದ್ದಿದೆ. ಬಾಳಪ್ಪ ಅವಳ ಮನೆಯ ಅಟ್ಟ ಹತ್ತಿ ಇಳಿದ, ಹಿತ್ತಲಿನ ತಿಪ್ಪೆ ಕೆದಕಿದ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗೂ ಇಳಿದ. ಬಾವಿಯಲ್ಲಿ ಯಾರದೋ ಕೊಡ ಸಿಕ್ಕಿತು, ಅಷ್ಟೆ. "ಎಲ್ಲೆ ಇಟ್ಟೀ ನೆಪ್ಪು ಮಾಡ್ಕೊ" ಎಂದು ನಾನು ಕೇಳಿದಷ್ಟು ಸಲ ಅವಳು "ಇಲ್ಲ, ಇಷ್ಟ ನನ್ನವು" ಎಂದಳು. ಮರುದಿನ ನಡುಬೆರಳು ಹೋಯಿತು. ಅದರ ಮರುದಿನ ಉಂಗುರಬೆರಳು. ನಾನು ಬೆಳಿಗ್ಗೆ ಎದ್ದು ಮೊದಲು ಮಗಳ ಹೊಟ್ಟೆ ನೋಡುತ್ತಿದ್ದೆ, ಆಮೇಲೆ ಓಡಿ ಹೋಗಿ ಫಕೀರವ್ವನ ಬೆರಳು ನೋಡುತ್ತಿದ್ದೆ. ದೇವರ ಮುಂದೆ ಕೂತರೂ ಬಾಯಲ್ಲಿ ಶಿವನ ಹೆಸರು, ಲೆಕ್ಕ ಮಾತ್ರ ಆ ಬೆರಳುಗಳದ್ದು.

ನಾಲ್ಕನೆಯ ದಿನ ಬೆಳಿಗ್ಗೆ ಅವಳೇ ಬಂದಳು. ಕಟ್ಟೆಯ ಮೇಲೆ ಕೂರಲಿಲ್ಲ, ಅಂಗಳದ ನಡುವೆ ನಿಂತಳು.

"ನೀಲಾ, ಹೇಳಬಾರದ ಮಾತು ಹೇಳತೇನಿ. ಬೈಯೂದಿದ್ರ ಆಮ್ಯಾಲ ಬೈ. ಒಂದು ಕುರ್ಪಿ ಐತಿ."

ಕುರ್ಪಿ ಎಂದರೆ ಕಳೆ ತೆಗೆಯುವ ಅಂಗೈಯಗಲದ ಹತ್ಯಾರ, ಎಲ್ಲರ ಮನೆಯಲ್ಲೂ ಇರುವಂಥದು.

"ನಿನ್ನ ಮೊದಲನೇ ಕೂಸು" ಎಂದಳು.

ನನ್ನ ಮೊದಲನೆಯ ಕೂಸು ಉಸಿರಿಲ್ಲದೆ ಹುಟ್ಟಿತ್ತು. ಫಕೀರವ್ವ ಒಬ್ಬಳೇ ನಿಂತು ಮಾಡಿಸಿದ ಮೊದಲ ಹೆರಿಗೆಯೂ ಅದೇ. ಹಾಗೆ ಹೋದ ಕೂಸನ್ನು ಮಣ್ಣು ಮಾಡಿದ ಜಾಗವನ್ನು ತಾಯಿಗೆ ತೋರಿಸಬಾರದೆಂದು ನಮ್ಮಲ್ಲಿ ಕಟ್ಟಳೆ. ತೋರಿಸಿದರೆ ಅವಳ ಕಾಲು ಮನೆಗೆ ಮರಳುವುದಿಲ್ಲ ಎನ್ನುತ್ತಾರೆ. ಗಂಡು ಕೂಸೆಂದು ಹೇಳಿದ್ದರು. ನಾನು ಮುಖವನ್ನೂ ನೋಡಿರಲಿಲ್ಲ.

"ಆ ಕುರ್ಪೀಲೇ ತಗ್ಗು ತಗದೆ. ಮನಿಗೆ ತರಾಕ ಮನಸಾಗಲಿಲ್ಲ, ಅಲ್ಲೇ ಕೂಸಿನ ಬಾಜೂಕ ಹೂತೆ. ತುಕ್ಕು ಹಿಡೀಲಿ, ಈ ಕೈ ಸೆಟದು ಹೋಗ್ಲಿ ಅಂತನ ಹೂತೆ. ನಿಮ್ಮತ್ತಿ ನನ್ನ ಹಿಂದ ಬಂದಿದ್ಲು. ಕಪಾಳಕ್ಕ ಒಂದು ಬಿಟ್ಲು. 'ನಾಳಿಗೆ ಇನ್ನೊಬ್ಬಾಕಿಗೆ ಬೇಕಾಗತೈತಿ ಈ ಕೈ, ನಿನ್ನ ಅಪ್ಪನ ಮನೀದಲ್ಲ' ಅಂದ್ಲು. ಗಡಿಗಿ ತುಂಬ ಔಡಲೆಣ್ಣಿ ತಂದು ಅದರಾಗ ಕುರ್ಪಿ ಅದ್ದಿ ಬಾಯಿ ಕಟ್ಟಿಸಿದ್ಲು. ಮೂವತ್ತು ವರ್ಷ ಏನೂ ಆಗಿರಲಿಲ್ಲ. ಈಗ ಆ ಗಡಿಗಿ ಒಡದಿರಬೇಕು."

ನಾನು ಬೈಯಲಿಲ್ಲ. ಬೈಯುವ ಮೊದಲೇ ಒಳಗಿಂದ ಮಗಳು "ಯವ್ವಾ" ಎಂದು ಕರೆದಳು. ನಡು ನೋಯುತ್ತಿದೆ ಎಂದಳು.

ಬಾಳಪ್ಪನನ್ನು ಕರೆದುಕೊಂಡು ಫಕೀರವ್ವ ಹೋದಳು. ನನ್ನನ್ನು ಕರೆಯಲಿಲ್ಲ, ನಾನೂ ಹೊರಡಲಿಲ್ಲ. ಬಿಸಿಲು ಅಂಗಳದ ತುಳಸಿಯನ್ನು ದಾಟುವ ಹೊತ್ತಿಗೆ ಬಾಳಪ್ಪ ಒಂದು ಗೋಣಿಯ ತುಂಡಿನಲ್ಲಿ ಸುತ್ತಿ ತಂದ. ಜಾಲಿಯ ಬೇರು ಗಡಿಗೆಯನ್ನು ಸೀಳಿತ್ತಂತೆ, ಎಣ್ಣೆ ಬಸಿದು ಹೋಗಿ ಉಪ್ಪುಮಣ್ಣು ಒಳಗೆ ಸೇರಿತ್ತಂತೆ. ನಾನು ಅವನ ಮುಖ ನೋಡಿದೆ.

"ಎಲ್ಲೆ ಅಂತ ಕೇಳಬ್ಯಾಡ ಅತ್ತಿ. ಆಣಿ ಹಾಕಿಸ್ಕೊಂಡಾರ" ಎಂದ, ನೆಲ ನೋಡುತ್ತ.

ಅಂಥ ತುಕ್ಕನ್ನು ನಾನು ನನ್ನ ಕಾಲದಲ್ಲಿ ಕಂಡಿರಲಿಲ್ಲ. ಗೋಣಿ ಬಿಚ್ಚಿದರೆ ಕೆಂಪು ಚಕ್ಕೆಗಳು ನೀರುಳ್ಳಿಯ ಸಿಪ್ಪೆಯಂತೆ ಉದುರಿದವು. ಹಿಡಿಯ ಕಟ್ಟಿಗೆ ಮಾತ್ರ ಎಣ್ಣೆ ಹೀರಿ ಕರ್ರಗೆ ಗಟ್ಟಿಯಾಗಿತ್ತು. ಹುಳಿನೀರಿನಲ್ಲಿ ಒಂದು ರಾತ್ರಿ ಪೂರ್ತಿ ನೆನೆಯಬೇಕಾದದ್ದನ್ನು ಬಿಸಿಯಾದ ಹುಳಿಯಲ್ಲಿ ಮಧ್ಯಾಹ್ನದ ತನಕ ನೆನೆಸಿದೆ. ಫಕೀರವ್ವ ಎದುರಿಗೆ ಕೂತಳು. ಒಳಗೆ ಶಿವಲೀಲಾಳ ಬಳಿ ನೆರೆಮನೆಯ ಹೆಂಗಸರಿದ್ದರು. ಅವಳ ನರಳಿಕೆ ಆಗೀಗ ಬಂದು ಹೋಗುತ್ತಿತ್ತು. ಬರುವ ನಡುವಿನ ಹೊತ್ತು ಸಣ್ಣದಾಗುತ್ತ ಬಂತು.

ನಾರು ಹಿಡಿದು ಉಜ್ಜಲು ಸುರು ಮಾಡಿದೆ. ಬೂದಿಗೆ ಜಗ್ಗಲಿಲ್ಲ, ಇಟ್ಟಂಗಿಪುಡಿ ತಗೊಂಡೆ. ಕೈ ಕೆಲಸ ಮಾಡುತ್ತಿದ್ದರೆ ಮನಸ್ಸು ತಣ್ಣಗಿರುತ್ತದೆ ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ದಿನ ಇರಲಿಲ್ಲ. ಅತ್ತೆಗೆ ಗೊತ್ತಿತ್ತು ಎಂಬುದೇ ತಿರುಗಿ ತಿರುಗಿ ಬರುತ್ತಿತ್ತು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡಿದ್ದೆವು. ಪ್ರತಿ ಕುರ್ಪಿಯನ್ನು ಉಜ್ಜುವಾಗಲೂ ಅವಳಿಗೆ ಆ ಇನ್ನೊಂದು ಕುರ್ಪಿಯ ನೆನಪಾಗಿರಬೇಕು, ನನಗೆ ಒಂದು ಮಾತೂ ಹೇಳಲಿಲ್ಲ. ಈ ಕಬ್ಬಿಣ ನನ್ನ ಮಗನ ಪಕ್ಕದಲ್ಲಿ ಮಲಗಿತ್ತು. ನಾನು ಒಂದು ದಿನವೂ ಮಲಗಲಿಲ್ಲ. ಹೀಗೆಲ್ಲ ಯೋಚಿಸುತ್ತ ಯಾವಾಗ ಎದ್ದು ಸಾಣೆಯ ಚಕ್ರದ ಮುಂದೆ ಕೂತೆನೋ ನನಗೇ ಅರಿವಿಲ್ಲ. ಹಳೆಯ ಹತ್ಯಾರವನ್ನು ಚಕ್ರಕ್ಕೆ ಒಡ್ಡಬಾರದು. ಇದು ಉಜ್ಜುವವರ ಮನೆಯ ಕೂಸಿಗೂ ಗೊತ್ತು. ಕಾಲಲ್ಲಿ ತುಳಿದೆ, ಚಕ್ರ ತಿರುಗಿತು, ಕುರ್ಪಿಯನ್ನು ಒತ್ತಿ ಹಿಡಿದೆ. ಕೆಂಪು ಹೋಯಿತು, ಕಪ್ಪು ಹೋಯಿತು. ಬಿಳಿ ಕಬ್ಬಿಣ ಕಂಡಿತು, ಇನ್ನೂ ಒತ್ತಿದೆ. ಕಿಡಿ ಹಾರುತ್ತಿದ್ದವು. ಅವು ನನ್ನ ಮುಂಗೈಯನ್ನು ಸುಡುತ್ತಿದ್ದರೆ ಒಂದು ಥರ ಹಿತವಾಗಿತ್ತು.

"ನೀಲಾ" ಎಂದಳು ಫಕೀರವ್ವ, ಮೆಲ್ಲಗೆ. "ಕೈ ಸುಡಾಕತ್ತೇತಿ."

ಕಾಲು ನಿಲ್ಲಿಸಿದೆ. ಅಂಚಿಗೆ ಗೋಧಿಬಣ್ಣ ಬಂದು, ಅದರಾಚೆ ನವಿಲುಗತ್ತಿನ ನೀಲಿ ಹರಡಿತ್ತು. ನೀಲಿ ಬಂತೆಂದರೆ ಕಬ್ಬಿಣ ಕುಡಿದ ನೀರು ಹೋಯಿತು ಎಂದೇ ಅರ್ಥ. ಕಮ್ಮಾರ ಕಾಯಿಸಿ ಅದ್ದಿ ತುಂಬಿದ ಬಿಗಿಯೆಲ್ಲ ಇಳಿದು ಹೋಗುತ್ತದೆ. ತಿರುಗಿ ನೋಡಿದೆ. ಅವಳ ಮುರುಟಿದ ಬೆರಳುಗಳು ಬಿಚ್ಚಿಕೊಂಡಿದ್ದವು. ಬಿಚ್ಚಿಕೊಂಡು ಹಸಿ ಹಿಟ್ಟಿನಂತೆ ಜೋತು ಬಿದ್ದಿದ್ದವು. ನಾನು ಅವನ್ನು ಚಿವುಟಿದೆ.

"ತಿಳೀತೇನು?"

"ಇಲ್ಲ."

ಉಗುರು ಇಳಿಯುವ ಹಾಗೆ ಚಿವುಟಿದೆ.

"ಇಲ್ಲ ತಂಗಿ. ಬಿಡು, ನೀ ಅಳಬ್ಯಾಡ. ಬ್ಯಾರೆ ಏನು ಮಾಡಬೇಕು, ಅದನ್ನ ಹೇಳು."

ಮೂವತ್ತು ವರ್ಷ ದಾಟಿತ್ತು ನನ್ನ ಕಸುಬು. ಒಂದು ಹತ್ಯಾರವನ್ನೂ ಕೆಡಿಸಿರಲಿಲ್ಲ. ಕೆಡಿಸಿದ್ದು ಇದೊಂದು, ಕೆಡಿಸಿದ್ದು ಈ ದಿನ.

ಮಾಡುವುದು ಒಂದೇ ಉಳಿದಿತ್ತು. ಇಬ್ಬರೂ ಮೌನಪ್ಪ ಕಮ್ಮಾರನ ಕುಲುಮೆಗೆ ಓಡಿದೆವು. ಅವನು ಕುರ್ಪಿಯನ್ನು ಬಿಸಿಲಿಗೆ ಹಿಡಿದು ನೋಡಿದ, ನನ್ನನ್ನು ನೋಡಿದ.

"ಇದನ್ನ ಚಕ್ರಕ್ಕ ಯಾವ ಕತ್ತೆ ಹಿಡದೈತಿ?"

"ಆ ಕತ್ತೆ ನಾನ ಮೌನಪ್ಪ. ಮತ್ತ ನೀರು ಕುಡಸು."

"ಅಕ್ಕಾರ, ತಿಳದು ಮಾತಾಡ್ರಿ. ಎಷ್ಟು ತೆಳ್ಳಗ ಆಗೇತಿ ನೋಡ್ರಿಲ್ಲೆ. ಕೆಂಪಗ ಕಾಸಿ ನೀರಿಗೆ ಹಾಕಿದ್ರ ಬಿಗಿ ಬಂದ್ರ ಬಂತು, ಇಲ್ಲಂದ್ರ ಟಣ್ಣಂತ ಸೀಳತೈತಿ. ಸೀಳಿದ್ರ ಈಕಿ ಕೈ ಗತಿ ಏನು? ನಾ ಒಲ್ಲೆ. ನಮ್ಮವ್ವನ ಹೊಟ್ಟೀಲಿಂದ ನನ್ನ ತಗದಾಕಿ ಈಕಿ."

"ತಗದದ್ದು ತಪ್ಪಾತು ನೋಡು, ಇಷ್ಟ ಮಾತಾಡ್ತಿ ಅಂತ ಗೊತ್ತಿದ್ರ ಅಲ್ಲೇ ಬಿಡತಿದ್ನಿ" ಎಂದಳು ಫಕೀರವ್ವ. "ಅಲ್ಲೆ ಒಬ್ಬಾಕಿ ಹೊಡಕೊಳ್ಳಾಕತ್ತಾಳ. ಒಲಿ ಊದು."

ಅವಳು ಬಲಗೈಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತಳು. ನಾನು ತಿದಿ ಒತ್ತಿದೆ. ಇದ್ದಿಲು ಮಿನುಗಿದಂತೆ ಅವಳ ಹಣೆಯ ಮೇಲೆ ಬೆವರು ಬಂತು. ಕುರ್ಪಿ ಕೆಂಪಾದಂತೆ ಗೋಣಿಯಿಂದ ಹಬೆ ಎದ್ದಿತು. ಅವಳು ಕೂಗಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ನಾನೂ ತಿದಿಯ ಒಂದೊಂದು ಒತ್ತಿಗೆ ಒಂದೊಂದು ಸಲ ಶಿವನ ಹೆಸರು ಹೇಳಿದೆ. ಬೇಡುವುದಕ್ಕೆ ಮಾತು ಹೊಳೆಯಲಿಲ್ಲ. ಹೆಸರಷ್ಟೇ ಸಾಕು, ಉಳಿದದ್ದು ಅವನಿಗೆ ಗೊತ್ತಿರುತ್ತದೆ ಅಂದುಕೊಂಡೆ. ಬಾಳಪ್ಪ ಓಡಿ ಬಂದು ಬಾಗಿಲು ಹಿಡಿದು ನಿಂತ. "ಅತ್ತಿ, ನೀರು ಒಡದಾವಂತ" ಎಂದ. ಮೌನಪ್ಪ ಅವನ ಕಡೆ ನೋಡದೆ, ಮುತ್ತುಗದ ಹೂವಿನ ಕೆಂಪು ಬರುವ ತನಕ ಕಾದ. ಅದೊಂದು ಗಳಿಗೆ, ಆ ಬಣ್ಣ ಬಂದದ್ದೇ ಇಕ್ಕಳದಲ್ಲಿ ಎತ್ತಿ ಬಾನಿಯಲ್ಲಿ ಅದ್ದಿಬಿಟ್ಟ.

ಚುಯ್ಯೆಂದಿತು. ಆ ಸದ್ದಿನ ಕೊನೆಯಲ್ಲಿ ಒಂದು ಸಣ್ಣ ಟಿಕ್ ಎಂಬ ಸದ್ದೂ ಕೇಳಿತು. ನಾಲ್ವರೂ ಕೇಳಿದೆವು.

ಮೌನಪ್ಪ ಕುರ್ಪಿಯನ್ನು ಎತ್ತಿ, ಒರೆಸಿ, ಮತ್ತೊಮ್ಮೆ ಬೂದಿಯ ಬಿಸಿ ತೋರಿಸಿ ಹದ ಮಾಡಿದ. "ಮೂಲ್ಯಾಗ ಕೂದಲೆಳಿಯಷ್ಟು ಸೀಳೇತಿ" ಎಂದ. "ಉಳದದ್ದು ಗಟ್ಟಿ ನಿಂತೇತಿ."

ನಾನು ಹೋಗಿ ಗೋಣಿ ಬಿಚ್ಚಿದೆ. ಕಿರುಬೆರಳು ಬೆಳ್ಳಗಾಗಿ ಮಡಚಿಕೊಂಡಿತ್ತು. ಉಳಿದ ನಾಲ್ಕು ಕೆಂಪಗಿದ್ದವು. ಆ ನಾಲ್ಕು ಬೆರಳು ಬಂದು ನನ್ನ ಮಣಿಕಟ್ಟಿನ ಮೇಲೆ ಕೂತವು, ಕಣ್ಣಿಲ್ಲದವರು ತಡವಿದ ಹಾಗೆ.

"ನಿನ್ನ ನಾಡಿ ನೋಡು, ಕುದರಿ ಓಡಿದಂಗ ಓಡಾಕತ್ತೇತಿ" ಎಂದಳು ಫಕೀರವ್ವ.

"ಕಿರುಬೆರಳು, ಅಕ್ಕಾ..."

"ಹೋಗ್ಲಿ ಬಿಡು. ಅದು ಕಿವಿ ತುರಿಸ್ಕೊಳ್ಳಾಕ ಇತ್ತು. ನಡಿ."

ಮನೆಯಲ್ಲಿ ಶಿವಲೀಲಾಳ ಮುಖ ಗುರುತು ಸಿಗದ ಹಾಗೆ ಆಗಿತ್ತು. ನಾನು ಹಿಂದೆ ಕೂತು ಅವಳ ಭುಜ ಹಿಡಿದುಕೊಂಡೆ. ಫಕೀರವ್ವ ಅಂಗೈಗೆ ಎಣ್ಣೆ ಸುರಿದುಕೊಂಡು ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟಳು. ಬ್ಯಾನೆ ಬಂದಾಗ ಸುಮ್ಮನಿರುವಳು, ಬ್ಯಾನೆ ಹೋದಾಗ ಒತ್ತುವಳು. ಒಂದು ಬೆರಳಿನಷ್ಟು, ಮತ್ತೊಂದು ಬೆರಳಿನಷ್ಟು. ಒಮ್ಮೆ ಕೈ ಜಾರಿತು. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಮೂವತ್ತು ವರ್ಷದ ಹಿಂದೆ ಇದೇ ಮನೆಯಲ್ಲಿ ಅವಳು ಹೀಗೆಯೇ ನೋಡಿದ್ದಳು, ಆಗ ನಾನು ಶಿವಲೀಲಾ ಮಲಗಿದ್ದ ಜಾಗದಲ್ಲಿದ್ದೆ. ಆದರೂ "ಒತ್ತು ಅಕ್ಕಾ, ನೀ ಒತ್ತು" ಎಂದೆ. ಎಲ್ಲಿಂದ ಬಂತೋ ಆ ಮಾತು. ಅವಳು ಮತ್ತೆ ಕಣ್ಣು ಮುಚ್ಚಿದಳು. ಹೊಟ್ಟೆಯ ಒಂದು ಮಗ್ಗುಲು ತಗ್ಗಿ ಇನ್ನೊಂದು ಮಗ್ಗುಲು ಉಬ್ಬಿತು. ಒಳಗೆ ಯಾರೋ ಹೊರಳಿ ಮಲಗಿದ ಹಾಗೆ.

"ಬಂತು, ತಲಿ ಕೆಳಗ ಬಂತು" ಎಂದಳು. "ಇನ್ನ ನೀ ತಿಣಕು ಮಗಳ, ನಿನ್ನ ಕೆಲಸ ನೀ ಮಾಡು."

ಹೊತ್ತು ಇಳಿಯುವ ಮುಂಚೆ ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೂಡಲೆ ಅಳಲಿಲ್ಲ. ಫಕೀರವ್ವ ಬಾಯೊಳಗೆ ಬೆರಳಾಡಿಸಿ ಪಾದಕ್ಕೆ ಒಂದೇಟು ಕೊಟ್ಟಳು, ಆಮೇಲೆ ಅತ್ತಿತು. ಹೊರಗೆ ಬಾಳಪ್ಪನೂ ಅತ್ತದ್ದು ಕೇಳಿಸಿತು. "ಯಾರ ಧ್ವನಿ ದೊಡ್ಡದೈತಿ ನೋಡ್ರಿ" ಎಂದು ನೆರೆಮನೆಯ ಹೆಂಗಸು ನಗಿಸಿದಳು.

ಕೂಸಿನ ಮಾಸನ್ನು ಹಿತ್ತಲಲ್ಲಿ ಹೂಳುವುದು ಸೂಲಗಿತ್ತಿಯ ಕೆಲಸ. ಫಕೀರವ್ವ ಅದನ್ನು ಹೊಸ ಕುಡಿಕೆಯಲ್ಲಿಟ್ಟುಕೊಂಡು ಬಚ್ಚಲಿನ ಹಿಂದಕ್ಕೆ ಬಂದಳು. ನಾನು ಕುರ್ಪಿ ಹಿಡಿದು ಹಿಂದೆಯೇ ಬಂದೆ. ಕೈ ನೀಡಿದಳು. ನಾನು ಕೊಡಲಿಲ್ಲ. ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಹಾಕಿದೆ.

"ಏ, ಏನ ಮಾಡ್ತಿ! ಬಿಡು, ಅದು ಇನ್ನ ನಿನ್ನ ಕೈಗೆ ಬರತೈತಿ. ಸೀಳಿದ್ದು ಐತಿ ಬ್ಯಾರೆ, ನಿನ್ನ ಕಸುಬು..."

"ಬರಲಿ."

ಹಸಿಮಣ್ಣು ಸಲೀಸಾಗಿ ಬಂತು. ಎರಡನೆಯ ಸಲ ಅಗೆದಾಗ ನನ್ನ ಕಿರುಬೆರಳಿನೊಳಗೆ ಒಂದು ತಣ್ಣನೆಯ ಎಳೆ ಹರಿದು ಹೋಯಿತು. ತಿರುಗಿ ನೋಡಿದರೆ ಫಕೀರವ್ವ ತನ್ನ ಕಿರುಬೆರಳನ್ನು ಮಡಚಿ ಬಿಚ್ಚಿ, ಬೇರೆ ಯಾರದೋ ಬೆರಳೆಂಬಂತೆ ನೋಡುತ್ತ ನಿಂತಿದ್ದಳು. ನಾನು ಮೊಣಕೈಯುದ್ದ ತಗ್ಗು ತೆಗೆದೆ. ಕುಡಿಕೆ ಇಟ್ಟು, ಮಣ್ಣು ಎಳೆದು, ಮೇಲೆ ಒಂದು ಕಲ್ಲು ಇಟ್ಟೆವು. ಕುರ್ಪಿಗೆ ಹತ್ತಿದ ಮಣ್ಣನ್ನು ಸೆರಗಿನಿಂದ ಒರೆಸಿದೆ.

ಅವಳು ಕೂರಲೂ ಇಲ್ಲ, ಹೋಗಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಬಲಗೈ ಮೆಲ್ಲಗೆ ಎದ್ದಿತು, ತೋರುಬೆರಳು ನೆಟ್ಟಗಾಗಿ ಕೆರೆಯ ದಂಡೆಯ ಕಡೆಗೆ ತಿರುಗತೊಡಗಿತು. ನಾನು ಎದ್ದು ಆ ಕೈಯನ್ನು ಹಿಡಿದು ಕೆಳಗಿಳಿಸಿದೆ.

"ಇವತ್ತಲ್ಲ ಅಕ್ಕಾ. ನಾಳಿಗೆ ಇಬ್ಬರೂ ಕೂಡಿ ನನ್ನ ಮಗನ ಹತ್ರ ಹೋಗೂಣು. ಈಗ ಬಾ, ಕೂಸಿಗೆ ಎರಿಯೋದೈತಿ."